ಆರ್‌ಡಿ ಕಾರ್ಬೊರೇಟರ್, ಎರಡು ಸೈಕಲ್ ಕಡ್ಡಿ

ಮೊನ್ನೆ ಮಿನರ್ವ ಸರ್ಕಲ್ ಸಿಗ್ನಲ್‌ನಲ್ಲಿ ನನ್ನ ಆರ್‌ಡಿ 350 (ಎರಡು ಸಿಲಿಂಡರ್‌ನ ಹಳೆ ಟೂ ಸ್ಟ್ರೋಕ್ ರಾಜ್‌ದೂತ್ ಬೈಕ್) ಎರಡು ನಿಮಿಷ ಐಡಲ್‌ನಲ್ಲಿ ನಿಂತಿತು. ನಾನು ಆಕ್ಸಿಲರೇಟರ್ ಮುಟ್ಟಲಿಲ್ಲ. ಎರಡೂ ಸೈಲೆನ್ಸರ್‌ನಿಂದ ಒಂದೇ ಥರ ಸದ್ದು. ಆರ್‌ಡಿ ಇಟ್ಟುಕೊಂಡವರಿಗೆ ಇದರ ಬೆಲೆ ಗೊತ್ತು. ಇದರಲ್ಲಿ ಸಿಲಿಂಡರ್‌ಗೊಂದು ಕಾರ್ಬೊರೇಟರ್, ಅಂದರೆ ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ. ಎರಡೂ ಒಟ್ಟಿಗೆ ತೆರೆಯುವ ಹಾಗೆ ಹೊಂದಿಸುವುದೇ ಸಿಂಕ್. ಸೈಕಲ್ ಕಡ್ಡಿಯಲ್ಲಿ ಕಾರ್ಬ್ ಸಿಂಕ್ ಮಾಡುತ್ತೇನೆ ಅಂದಾಗ ಒಬ್ಬರೂ ನಂಬಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ 1986ರದ್ದು, ಲೋ ಟಾರ್ಕ್, ಅಂದರೆ ಶಕ್ತಿ ಕಡಿಮೆ ಮಾಡಿದ ಮಾದರಿ. ಮಂಗಳೂರಿನ ಒಂದು ಶೆಡ್‌ನಲ್ಲಿ ಆರೇಳು ವರ್ಷ ನಿಂತಿತ್ತು. ತಂದಾಗ ಎರಡೂ ಮಿಕುನಿ ಕಾರ್ಬ್‌ಗಳ ಬೌಲ್‌ನಲ್ಲಿ (ಪೆಟ್ರೋಲ್ ನಿಲ್ಲುವ ಬಟ್ಟಲು) ಹಳೆ ಪೆಟ್ರೋಲ್ ಬೆಲ್ಲದ ಪಾಕದ ಥರ ಅಂಟಿಕೊಂಡಿತ್ತು. ಬಲಗಡೆ ಪ್ಲಗ್ ಕಾಡಿಗೆಯಷ್ಟು ಕಪ್ಪು, ಅಂದರೆ ಪೆಟ್ರೋಲ್ ಹೆಚ್ಚು; ಎಡಗಡೆ ಪ್ಲಗ್ ಸುಣ್ಣದಷ್ಟು ಬಿಳಿ, ಅಂದರೆ ಗಾಳಿ ಹೆಚ್ಚು. ಟೂ ಸ್ಟ್ರೋಕ್‌ನಲ್ಲಿ ಕಾಡಿಗೆ ಪ್ಲಗ್ ಬರೀ ಕಿರಿಕಿರಿ. ಸುಣ್ಣದ ಪ್ಲಗ್ ಹಾಗಲ್ಲ, ಒಂದು ದಿನ ಪಿಸ್ಟನ್ ಬಿಸಿಗೆ ಹಿಡಿದುಕೊಂಡು ಸೀಜ್ ಆಗಿಬಿಡಬಹುದು.

ಮೊದಲ ವರ್ಷ ಮೂರು ಕಡೆ ಕೊಟ್ಟೆ. ಒಬ್ಬರು 1,500 ತಗೊಂಡು ಸುಮ್ನೆ ಪೆಟ್ರೋಲ್‌ನಲ್ಲಿ ತೊಳೆದರು. ಇನ್ನೊಬ್ಬರು ಹತ್ತಿರ ಹತ್ತಿರ 4,000 ತಗೊಂಡು ಎರಡಕ್ಕೂ ಹೊಸ ಕಿಟ್ ಹಾಕಿದರು. ಆ ಕಿಟ್‌ನ ಪೈಲಟ್ ಜೆಟ್ (ಐಡಲ್‌ನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡು) ಎರಡರ ಮೇಲೂ ಒಂದೇ ನಂಬರ್. ಬೆಳಕಿಗೆ ಹಿಡಿದು ನೋಡಿದರೆ ಒಂದರ ತೂತು ಕಣ್ಣಿಗೇ ಗೊತ್ತಾಗುವಷ್ಟು ದೊಡ್ಡದು! ಹಳೆ ಜೆಟ್ ಎಲ್ಲಿ ಅಂದರೆ ಬಿಸಾಡಿಬಿಟ್ಟಿದ್ದರು. ಜೆ.ಸಿ. ರೋಡ್, ಕಲಾಸಿಪಾಳ್ಯ, ಶಿವಾಜಿನಗರ ಎಲ್ಲಾ ಸುತ್ತಿ, ಕೊನೆಗೆ ಗುಜರಿಗೆ ಬಂದಿದ್ದ ಕಾರ್ಬ್‌ಗಳಿಂದ ಒಂದು ಜೋಡಿ ಒರಿಜಿನಲ್ ಜೆಟ್ ಸಿಕ್ಕಿತು. 900 ಕೊಟ್ಟೆ. ಮೂರನೆಯವರ ಕಥೆ ಬೇಡ. ಅಷ್ಟು ಹೊತ್ತಿಗೆ ಒಟ್ಟು 9,000 ದಾಟಿತ್ತು, ಗಾಡಿ ಮಾತ್ರ ಹಾಗೇ ಇತ್ತು.

ಆಮೇಲೆ ನಾನೇ ಕೈ ಹಾಕಿದೆ. ಮೊದಲು ಒಂದು ತಪ್ಪು ಮಾಡಿದೆ. ಅಮ್ಮ ಹಿತ್ತಾಳೆ ದೀಪ ಹುಣಸೆಹಣ್ಣಿನಲ್ಲಿ ತಿಕ್ಕುವುದನ್ನು ನೋಡಿ ಜೆಟ್‌ಗಳನ್ನು ಹುಣಸೆ ನೀರಿನಲ್ಲಿ ನೆನೆಹಾಕಿದೆ. ಅರ್ಧ ಗಂಟೆಗೆ ಫಳಫಳ ಅಂದವು. ಅದೇ ಧೈರ್ಯದಲ್ಲಿ ಒಂದು ಕಾರ್ಬ್ ಬಾಡಿಯನ್ನೂ ರಾತ್ರಿಯಿಡೀ ಮುಳುಗಿಸಿಟ್ಟೆ. ಬೆಳಗ್ಗೆ ನೋಡಿದರೆ ಕಪ್ಪಗಾಗಿ, ಮೇಲೆ ಬಿಳಿ ಪುಡಿ ಎದ್ದಿತ್ತು. ಜೆಟ್‌ಗೆ ಹುಣಸೆ ಸರಿ, ಬಾಡಿಗೆ ಖಂಡಿತ ಬೇಡ. ಆ ಬಾಡಿ ಈಗಲೂ ಕಪ್ಪಗೇ ಇದೆ.

ಬಾಡಿ ಕ್ಲೀನ್ ಆಗಿದ್ದು ನಗರ್ತಪೇಟೆಯಲ್ಲಿ. ಒಡವೆ ಪಾಲಿಶ್ ಮಾಡುವ ಒಬ್ಬರ ಹತ್ತಿರ ಅಲ್ಟ್ರಾಸಾನಿಕ್ ಮೆಷಿನ್ ಇತ್ತು. ರಬ್ಬರ್ ಎಲ್ಲಾ ಬಿಚ್ಚಿ ಕೊಟ್ಟೆ. ಹತ್ತತ್ತು ನಿಮಿಷ ಮೂರು ಸಲ ಹಾಕಿದರು, 300 ರೂಪಾಯಿ. ಬಿಸಿನೀರು ಕಾಫಿ ಡಿಕಾಕ್ಷನ್ ಆಯಿತು. ಮನೆಗೆ ಬಂದು ಏರ್ ಸ್ಕ್ರೂ (ಐಡಲ್‌ಗೆ ಗಾಳಿ ಹೊಂದಿಸುವ ಸ್ಕ್ರೂ) ತೂತಿನಿಂದ ಕಾರ್ಬ್ ಕ್ಲೀನರ್ ಸ್ಪ್ರೇ ಬಿಟ್ಟೆ. ಒಳಗೆ ಸ್ಲೈಡ್ (ಆಕ್ಸಿಲರೇಟರ್ ತಿರುಗಿಸಿದಾಗ ಮೇಲೇಳುವ ತಡೆ) ಕೂರುವ ಜಾಗದ ಹತ್ತಿರ ಎರಡು ಸಣ್ಣ ತೂತು ಇರುತ್ತವಲ್ಲ, ಎರಡರಿಂದಲೂ ಚಿಮ್ಮಬೇಕು. ಬಲಗಡೆಯದರಲ್ಲಿ ಒಂದರಿಂದ ಚಿಮ್ಮಿತು, ಇನ್ನೊಂದರಿಂದ ಕಣ್ಣೀರಿನ ಹಾಗೆ ಜಿನುಗಿತು. ಅದೊಂದು ತೂತಿಗೆ ಎರಡು ಭಾನುವಾರ ಹೋಯಿತು. ಕೊನೆಗೆ ಅದನ್ನು ಬಿಡಿಸಿದ ರೀತಿಯನ್ನು ನಾನು ಇಲ್ಲಿ ಹೇಳುವುದಿಲ್ಲ, ಕಷ್ಟಪಟ್ಟು ಕಂಡುಕೊಂಡಿದ್ದು. ಪಿನ್ ಹಾಕಲಿಲ್ಲ ಅಂತ ಮಾತ್ರ ಹೇಳುತ್ತೇನೆ. ಪಿನ್ ಹಾಕಿದರೆ ತೂತು ದೊಡ್ಡದಾಗಿ ಕಾರ್ಬ್ ಕೆಟ್ಟಿತು ಅಂತಲೇ ಲೆಕ್ಕ.

ಇನ್ನು ಸಿಂಕ್. ವಿಲ್ಸನ್ ಗಾರ್ಡನ್‌ನಲ್ಲಿ ಒಬ್ಬರು ಹಳೆಯ ಮೆಕ್ಯಾನಿಕ್ ಇದ್ದಾರೆ. ಎಲ್ಲರೂ ಭಾಯ್ ಅಂತಾರೆ, ಮೂವತ್ತು ವರ್ಷದಿಂದ ಆರ್‌ಡಿ ಬಿಚ್ಚುತ್ತಿದ್ದಾರೆ. ಅವರಿಗೆ ಕಡ್ಡಿ ತೋರಿಸಿದೆ. "ಸಾರ್, ಇದಕ್ಕೆ ಕಿವಿನೇ ಮೀಟರ್. ಕಡ್ಡಿ ಗಿಡ್ಡಿ ಎಲ್ಲಾ ನಡಿಯಲ್ಲ" ಅಂದರು. ಅವರ ಕಿವಿ ನಿಜಕ್ಕೂ ಚುರುಕು, ಒಪ್ಪುತ್ತೇನೆ. ಆದರೆ ನನಗೆ ಆ ಕಿವಿ ಇಲ್ಲವಲ್ಲ.

ಕೆಲಸ ಇಷ್ಟೇ. ಏರ್ ಫಿಲ್ಟರ್ ರಬ್ಬರ್ ತೆಗೆದು, ಐಡಲ್ ಸ್ಕ್ರೂ ಎರಡನ್ನೂ ಪೂರ್ತಿ ಸಡಿಲ ಮಾಡಿ ಸ್ಲೈಡ್ ಕೆಳಗೆ ಕೂರಿಸಬೇಕು. ಎರಡೂ ಸ್ಲೈಡ್ ಕೆಳಗೆ ಒಂದೊಂದು ಕಡ್ಡಿ ಸಿಕ್ಕಿಸಬೇಕು. ಕಡ್ಡಿಯ ಉದ್ದ ಹೊರಗೆ ಚಾಚಿರುತ್ತದೆ. ಆಕ್ಸಿಲರೇಟರ್ ಕೂದಲೆಳೆಯಷ್ಟು ತಿರುಗಿಸಿದಾಗ ಸ್ಲೈಡ್ ಎದ್ದು ಕಡ್ಡಿಯ ತುದಿ ಬಾಗುತ್ತದೆ. ಎರಡೂ ಒಟ್ಟಿಗೆ ಬಾಗುವವರೆಗೆ ಮೇಲಿನ ಕೇಬಲ್ ಅಡ್ಜಸ್ಟರ್ ತಿರುಗಿಸಬೇಕು. ಸ್ಲೈಡ್‌ನ ಅರ್ಧ ಮಿಲಿಮೀಟರ್ ಕಡ್ಡಿಯ ತುದಿಯಲ್ಲಿ ಹಲವು ಪಟ್ಟು ದೊಡ್ಡದಾಗಿ ಕಾಣುತ್ತದೆ.

ಮೊದಲ ಮೂರು ಸಲ ನನಗೆ ಇದು ಆಗಲೇ ಇಲ್ಲ. ಒಂದು ಕಡ್ಡಿ ಯಾವಾಗಲೂ ಮೊದಲೇ ಬೀಳುತ್ತಿತ್ತು. ಭಾಯ್ ಹೇಳಿದ್ದೇ ನಿಜವಿರಬೇಕು ಅನ್ನಿಸಿತು. ಒಂದು ರಾತ್ರಿ ಟಾರ್ಚ್ ಹಾಕಿ ಬಗ್ಗಿ ನೋಡಿದಾಗ ಗೊತ್ತಾಯಿತು. ಸ್ಲೈಡ್‌ನ ಫಿಲ್ಟರ್ ಕಡೆಯ ಅಂಚು ಓರೆಯಾಗಿ ಕೊರೆದಿರುತ್ತದೆ, ಅಲ್ವಾ? ಆ ಸಂದಿಯೂ ಕಡ್ಡಿಯ ದಪ್ಪವೂ ಹೆಚ್ಚು ಕಡಿಮೆ ಸಮ. ಕಡ್ಡಿ ಆ ಸಂದಿಯಲ್ಲೇ ಸುಮ್ನೆ ಕೂತಿತ್ತು, ಸ್ಲೈಡ್ ಅದನ್ನು ಹಿಡಿದೇ ಇರಲಿಲ್ಲ. ಸ್ಲೈಡ್ ನಡುವೆ ಇಳಿಬಿದ್ದಿರುವ ನೀಡಲ್ ಪಕ್ಕದಿಂದ ಕಡ್ಡಿ ದಾಟಿಸಿ ಎಂಜಿನ್ ಕಡೆಯ ಅಂಚಿನ ಕೆಳಗೆ ಸಿಕ್ಕಿಸಿದೆ. ಎರಡೂ ಕಡ್ಡಿಗೆ ಒಂದೇ ಅಳತೆಯಲ್ಲಿ ನೈಲ್ ಪಾಲಿಶ್ ಗುರುತು ಹಾಕಿದೆ. ಒಳಗೆ ಗೀರು ಬೀಳದ ಹಾಗೆ ತುದಿಗೆ ತೆಳ್ಳಗಿನ ಸ್ಲೀವ್ ಹಾಕಿದೆ. ಹತ್ತೇ ನಿಮಿಷದಲ್ಲಿ ಎರಡೂ ಒಟ್ಟಿಗೆ ಬಾಗಿದವು. ಅದನ್ನು ತೋರಿಸೋಕೆ ಮನೆಯವರನ್ನೆಲ್ಲ ಕರೆದೆ.

ಆಮೇಲೆ ಏರ್ ಸ್ಕ್ರೂ ಎರಡೂ ಒಂದೂವರೆ ಸುತ್ತು. ಒಂದು ಪ್ಲಗ್ ವೈರ್ ಬಿಚ್ಚಿ, ಆ ವೈರ್ ಅರ್ಥ್ ಮಾಡಿ (ಎಂಜಿನ್ ಲೋಹಕ್ಕೆ ತಾಗಿಸಿ), ಒಂದೊಂದೇ ಸಿಲಿಂಡರ್‌ನಲ್ಲಿ ಓಡಿಸಿ ಐಡಲ್ ಸಮ ಮಾಡಿದೆ. ಆಕ್ಸಿಲರೇಟರ್ ಕೇಬಲ್ ಒಡೆದು ಮೂರಾಗುತ್ತದೆ, ಎರಡು ಕಾರ್ಬ್‌ಗೆ, ಮೂರನೆಯದು ಎಂಜಿನ್‌ಗೆ ಆಯಿಲ್ ಕೊಡುವ ಪಂಪ್‌ಗೆ. ಕಾರ್ಬ್ ಕೇಬಲ್ ಮುಟ್ಟಿದ ಮೇಲೆ ಪಂಪ್ ಮೇಲಿನ ಹೊಂದಾಣಿಕೆ ಗುರುತನ್ನು ಮತ್ತೆ ನೋಡಲೇಬೇಕು. ಪಂಪ್ ಕಿತ್ತುಹಾಕಿ ಟ್ಯಾಂಕ್‌ಗೇ ಆಯಿಲ್ ಬೆರೆಸುವವರಿಗೆ ಈ ತಲೆನೋವಿಲ್ಲ. ನಾನು ಪಂಪ್ ತೆಗೆಯಲ್ಲ.

ಇಷ್ಟಾದರೂ ಬಿಸಿಯಾದ ಮೇಲೆ ಐಡಲ್ ತಾನಾಗೇ ಏರುತ್ತಿತ್ತು. ಎಡಗಡೆ ಕಾರ್ಬ್ ಮತ್ತು ಎಂಜಿನ್ ನಡುವಿನ ರಬ್ಬರ್ ಒಳಗಿನಿಂದ ಬಿರುಕು ಬಿಟ್ಟಿತ್ತು, ಹೊರಗೆ ಕಾಣುತ್ತಿರಲಿಲ್ಲ. ಸ್ಪ್ರೇ ಹೊಡೆದಾಗ ಸದ್ದು ಬದಲಾಯಿತು, ಆಗ ಸಿಕ್ಕಿಬಿತ್ತು. ಸುಣ್ಣದ ಪ್ಲಗ್‌ಗೆ ಮುಖ್ಯ ಕಾರಣ ಅದೇ. ಇದನ್ನು ಮೊದಲೇ ನೋಡಿದ್ದರೆ ಎರಡು ವಾರ ಉಳಿಯುತ್ತಿತ್ತು. ಸೈಕಲ್ ಟ್ಯೂಬ್ ತುಂಡು ಸುತ್ತಿ ಮೈಸೂರು ರೋಡ್‌ನಲ್ಲಿ ಓಡಿಸಿ ನೋಡಿದೆ. ಬಿಡದಿ ಮುಟ್ಟುವ ಮೊದಲೇ ಪೆಟ್ರೋಲ್‌ಗೆ ಟ್ಯೂಬ್ ಉಬ್ಬಿ ಕಿತ್ತುಕೊಂಡಿತು. ಹೊಸ ರಬ್ಬರ್ ಜೋಡಿಗೆ 1,200 ಕೊಟ್ಟೆ. ಮಂಗಳೂರು ಸಮುದ್ರದ ಮಟ್ಟ, ಬೆಂಗಳೂರು 900 ಮೀಟರ್ ಮೇಲೆ, ಇಲ್ಲಿ ಗಾಳಿ ತೆಳು. ಗಾಳಿ ತೆಳುವಾದರೆ ಪೆಟ್ರೋಲ್ ಕಡಿಮೆ ಸಾಕು, ಅದಕ್ಕೇ ಮೇನ್ ಜೆಟ್ (ವೇಗದಲ್ಲಿ ಪೆಟ್ರೋಲ್ ಬಿಡುವ ಜೆಟ್) ಒಂದು ಸೈಜ್ ಇಳಿಸಿದೆ.

ಮೊದಲು ಲೀಟರಿಗೆ 13-14 ಕಿ.ಮೀ. ಕೊಡುತ್ತಿತ್ತು. ಈಗ ಕನಕಪುರ ರೋಡ್‌ನಲ್ಲಿ ಬೆಳಗ್ಗೆ ಆರಾಮಾಗಿ ಓಡಿಸಿದರೆ 21 ಬರುತ್ತದೆ. ನಾನೇ ಕೈ ಹಾಕಿದ ಮೇಲೆ ಖರ್ಚಾಗಿದ್ದು ಜೆಟ್ ಬಿಟ್ಟರೆ 2,000 ಒಳಗೆ. ಕಡ್ಡಿ ಎರಡಕ್ಕೆ ಹತ್ತು ರೂಪಾಯಿ.

ಭಾಯ್ ಗಾಡಿ ತಗೊಂಡು ಒಂದು ರೌಂಡ್ ಹೋಗಿ ಬಂದರು. ಸ್ಟ್ಯಾಂಡ್ ಹಾಕಿ, ಎರಡೂ ಸೈಲೆನ್ಸರ್ ಹಿಂದೆ ಅಂಗೈ ಹಿಡಿದು ನೋಡಿದರು. "ಕಡ್ಡಿ ಎಷ್ಟು ಒಳಗೆ ಹಾಕಿದ್ರಿ ಸಾರ್?" ಅಂದರು.

ಬಲಗಡೆ ಪ್ಲಗ್ ಈಗಲೂ ಎಡಗಡೆಯದಕ್ಕಿಂತ ಸ್ವಲ್ಪ ಹೆಚ್ಚು ಕಪ್ಪು. ಗೇರ್ ಆಯಿಲ್ ತಿಂಗಳಿಗೆ ಸ್ವಲ್ಪ ಇಳಿಯುತ್ತಿದೆ. ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ (ಗೇರ್ ಆಯಿಲ್ ಎಂಜಿನ್ ಒಳಗೆ ಹೋಗದಂತೆ ತಡೆಯುವ ರಬ್ಬರ್) ಹೋಗಿರಬೇಕು. ಸೀಲ್ ತಂದಿಟ್ಟಿದ್ದೇನೆ, ದೀಪಾವಳಿ ರಜೆಯಲ್ಲಿ ಬಿಚ್ಚುತ್ತೇನೆ.