ಯಾವ ವರ್ಷದ ಬಂದೂಕು? ಒಂದು ಮೊಸಿನ್‌ಗೆ ಹಳೇ ರೂಪ ಕೊಟ್ಟ ನನ್ನ ಅನುಭವ

ನನ್ನ ಕೈಗೆ ಬಂದಾಗ ಆ ಹಳೇ ರಷ್ಯನ್ ಬಂದೂಕಿನ ಮೂತಿ ಕೊಯ್ದಿತ್ತು. ಯಾರೋ ಪುಣ್ಯಾತ್ಮ ಬೇಟೆಗೆ ಹಗುರ ಆಗಲಿ ಅಂತ ಮರದ ಮುಂಭಾಗವನ್ನು ಗರಗಸದಲ್ಲಿ ಕತ್ತರಿಸಿ ಬಿಸಾಡಿದ್ದ. ಬ್ಯಾರೆಲ್, ಅಂದರೆ ನಳಿಗೆ, ಅದರ ಮೇಲಿನ ಮರದ ಮುಚ್ಚಳ ಇಲ್ಲ, ಮುಚ್ಚಳವನ್ನು ಹಿಡಿದಿಡುವ ಎರಡು ಕಬ್ಬಿಣದ ಬಳೆ ಇಲ್ಲ, ನಳಿಗೆಯ ಕೆಳಗಿರಬೇಕಾದ, ಅದನ್ನು ಸ್ವಚ್ಛ ಮಾಡುವ ಕಡ್ಡಿಯೂ ಇಲ್ಲ. ಉಳಿದ ಮರಕ್ಕೆ ಡೈನಿಂಗ್ ಟೇಬಲ್‌ಗೆ ಹೊಡೆಯುವಂಥ ಪ್ಲಾಸ್ಟಿಕ್ ವಾರ್ನಿಷ್. ಆದರೆ ಬ್ಯಾರೆಲ್‌ಗೆ ಗರಗಸ ಮುಟ್ಟಿರಲಿಲ್ಲ. 730 ಮಿಲಿಮೀಟರ್, ಪೂರ್ತಿ ಇತ್ತು. ಅದೊಂದನ್ನು ನೋಡಿಯೇ ದುಡ್ಡು ಕೊಟ್ಟೆ.

ಇದು ಮೊಸಿನ್-ನಾಗಾಂ 91/30. ರಷ್ಯಾದ ಸೇನೆ 1891ರಲ್ಲಿ ಒಪ್ಪಿಕೊಂಡ ಬಂದೂಕು, 1930ರಲ್ಲಿ ಸೋವಿಯತ್ ಕಾಲದಲ್ಲಿ ಸುಧಾರಿಸಿದ ರೂಪ. ಹಳೇ ಮಾದರಿಯಲ್ಲಿ, ಗುರಿ ಹೊಂದಿಸಲು ಬ್ಯಾರೆಲ್ ಮೇಲಿರುವ ಗುರಿಪಟ್ಟಿಯ ದೂರ ಅರ್ಶಿನ್ ಅನ್ನುವ ರಷ್ಯನ್ ಅಳತೆಯಲ್ಲಿತ್ತು. ಒಂದು ಅರ್ಶಿನ್ ಅಂದರೆ ಸುಮಾರು 71 ಸೆಂಟಿಮೀಟರ್, ನಮ್ಮ ಗಜ, ಮೊಳದ ಥರ. 91/30ರಲ್ಲಿ ಅದನ್ನು ಮೀಟರ್‌ಗೆ ಬದಲಾಯಿಸಿದರು. ಪಟ್ಟಿಯ ಮೇಲೆ 1ರಿಂದ 20ರವರೆಗೆ ಅಂಕಿ, ಅಂದರೆ 100ರಿಂದ 2,000 ಮೀಟರ್. ಎರಡು ಸಾವಿರ ಮೀಟರ್ ದೂರದ ಮನುಷ್ಯನನ್ನು ಬರಿಗಣ್ಣಲ್ಲಿ ನೋಡೋದೇ ಕಷ್ಟ, ಗುರಿ ಇಡೋದು ಎಲ್ಲಿಂದ! ಆದರೂ ಅಂಕಿ ಇದೆ.

ಉದ್ದ 1,232 ಮಿಲಿಮೀಟರ್. ವಿಡಿಯೋ ಕಾಲ್‌ನಲ್ಲಿ ಅಮ್ಮ ನೋಡಿ, "ಏನಪ್ಪಾ ಅದು, ಒನಕೆನಾ?" ಅಂದಳು. ಮೂತಿಗೆ ಬಯೋನೆಟ್, ಅಂದರೆ ಈಟಿಯಂಥ ಅಲಗು, ಸಿಕ್ಕಿಸಿದರೆ ಒನಕೆಗಿಂತಲೂ ಉದ್ದ ಆಗುತ್ತೆ ಅಂತ ಹೇಳಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನಿರುವುದು ಅಮೆರಿಕದ ಓಹಾಯೋದಲ್ಲಿ. ಇಲ್ಲಿ ಹಳೇ ಬಂದೂಕು ಸಂಗ್ರಹಿಸುವವರಿಗೆ ಅಂತಲೇ ಒಂದು ಫೆಡರಲ್ ಲೈಸೆನ್ಸ್ ಇದೆ. ಮೂರು ವರ್ಷಕ್ಕೆ 30 ಡಾಲರ್. ಸಾಮಾನ್ಯವಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಬಂದೂಕುಗಳಿಗೆ ಅದು ನಡೆಯುತ್ತದೆ. ಏನು ಬಂತು, ಏನು ಹೋಯಿತು ಅಂತ ಪುಸ್ತಕದಲ್ಲಿ ಬರೆದಿಡಬೇಕು. ಊರಲ್ಲಿ 1959ರ ಆಯುಧ ಕಾಯ್ದೆ ಇದೆ, ಅಲ್ಲಿ ಇದನ್ನೆಲ್ಲ ಹವ್ಯಾಸ ಅಂತ ಶುರು ಮಾಡೋಕೆ ಹೋಗಬೇಡಿ. ಇನ್ನೊಂದು ಮಾತು. ನಾನು ಬಂದೂಕು ತಯಾರಿಸಲಿಲ್ಲ. ಮೂಲ ಬಂದೂಕಿಗೆ ಕಳೆದುಹೋದ ಮೈಯನ್ನು ಮರಳಿ ಕೊಟ್ಟೆ, ಅಷ್ಟೇ.

2000ರ ದಶಕದಲ್ಲಿ ಈ ಬಂದೂಕುಗಳು ಇಲ್ಲಿ ನೂರು ಡಾಲರ್ ಒಳಗೆ ಸಿಗುತ್ತಿದ್ದವು. ಪೆಟ್ಟಿಗೆ ಪೆಟ್ಟಿಗೆ ಬರುತ್ತಿದ್ದವು. ಅಷ್ಟು ಅಗ್ಗ ಇದ್ದುದರಿಂದಲೇ ಜನ ಗರಗಸ ಹಿಡಿದರು ಅಂತ ನನಗನಿಸುತ್ತದೆ. ಈಗ ಬೆಲೆ ಎಷ್ಟೋ ಪಟ್ಟು. ಕೊಯ್ದವರಿಗೆ ಈಗ ಹೊಟ್ಟೆ ಉರಿಯುತ್ತಿರಬೇಕು.

ಬ್ಯಾರೆಲ್ ಬುಡದಲ್ಲಿ 1943 ಅಂತಿದೆ, ತ್ರಿಕೋನದೊಳಗೆ ಬಾಣದ ಗುರುತು ಇದೆ. ಅದು ಇಷೆವ್ಸ್ಕ್ ಕಾರ್ಖಾನೆಯದು. ತುಲಾ ಕಾರ್ಖಾನೆಯದಾದರೆ ನಕ್ಷತ್ರ ಇರುತ್ತದೆ. 1941ರ ಕೊನೆಯಲ್ಲಿ ಜರ್ಮನ್ ಸೇನೆ ತುಲಾ ಹತ್ತಿರ ಬಂದಾಗ ಅಲ್ಲಿನ ಯಂತ್ರಗಳನ್ನು ಉರಾಲ್ ಕಡೆಗೆ ಸಾಗಿಸಿದರು. ಹಾಗಾಗಿ ಯುದ್ಧದ ನಡುವಿನ ವರ್ಷಗಳ ಮೊಸಿನ್‌ಗಳಲ್ಲಿ ಇಷೆವ್ಸ್ಕ್‌ನವೇ ಜಾಸ್ತಿ. ಆಗಿನ ಅವಸರ ಲೋಹದ ಮೇಲೇ ಕಾಣುತ್ತೆ. 1930ರ ದಶಕದ ಮೊಸಿನ್ ಮೇಲೆ ಬೆರಳಾಡಿಸಿದರೆ ಹಿತ್ತಾಳೆ ತಂಬಿಗೆ ಥರ ನುಣುಪು. ನನ್ನದರ ಮೇಲೆ ಉಳಿಯ ಗೆರೆಗಳು ಹಾಗೇ ಇವೆ. ತುಂಬ ಜನ ಇದನ್ನು ಕಳಪೆ ಅಂತಾರೆ. ನನಗೆ ಇಷ್ಟ ಆಗಿದ್ದೇ ಆ ಗೆರೆ.

ಹಾಗಾಗಿ ನನ್ನ ಲೆಕ್ಕ ಸುಲಭ ಇತ್ತು. 1943ರ ಬಂದೂಕು, 1943ರಲ್ಲಿ ಕಾರ್ಖಾನೆಯಿಂದ ಹೊರಬಿದ್ದ ಹಾಗೆ ಮಾಡೋದು. ಒಬ್ಬ ಬಿಡಿಭಾಗದ ವ್ಯಾಪಾರಿಯಿಂದ ಉದ್ದದ ಮೂಲ ಸ್ಟಾಕ್, ಅಂದರೆ ಮರದ ಮೈ, ತರಿಸಿದೆ. ಬರ್ಚ್ ಮರ. ಜೊತೆಗೆ ಮೇಲಿನ ಮುಚ್ಚಳ, ಬಳೆಗಳು, ಬಯೋನೆಟ್.

ಸ್ಟಾಕ್ ಪೂರ್ತಿ ಗ್ರೀಸ್ ಕುಡಿದಿತ್ತು. ಸೋವಿಯತ್ ಗೋದಾಮಿನಲ್ಲಿ ದಶಕಗಳ ಕಾಲ ತುಕ್ಕು ಹಿಡಿಯದಿರಲಿ ಅಂತ ಬಳಿದ ಕಂದು ಗ್ರೀಸ್ ಅದು. ಇಲ್ಲಿ ಎಲ್ಲರೂ ಅದನ್ನು ಕಾಸ್ಮೋಲೀನ್ ಅಂತಾರೆ. ವಾಸನೆ ಹೇಗೆ ಅಂದರೆ ಹಳೇ ವ್ಯಾಸಲೀನ್‌ಗೆ ಒಂದು ಚಮಚ ಸೀಮೆಎಣ್ಣೆ ಬೆರೆಸಿದ ಹಾಗೆ. ಜುಲೈ ಬಿಸಿಲಲ್ಲಿ ಸ್ಟಾಕ್‌ಗೆ ಹಳೇ ಪೇಪರ್ ಸುತ್ತಿ, ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟೆ. ಸಂಜೆ ತೆಗೆದರೆ ಪೇಪರ್ ಬೋಂಡಾ ಕಟ್ಟಿದ ಪೇಪರ್ ಥರ ಪಾರದರ್ಶಕ. ಹೊಸ ಪೇಪರ್ ಸುತ್ತು, ಮತ್ತೆ ಇಡು. ಹೀಗೆ ಹನ್ನೊಂದು ದಿನ. ಕಾರಿನಲ್ಲಿ ಇನ್ನೂ ಆ ವಾಸನೆ ಇದೆ ಅಂತ ನನ್ನ ಹೆಂಡತಿ ಹೇಳುತ್ತಾಳೆ. ನನಗೇನೂ ಗೊತ್ತಾಗಲ್ಲ.

ಆಮೇಲೆ ಒಂದು ದಡ್ಡತನ ಮಾಡಿದೆ. ಮರದ ಹಿಂಬದಿಯಲ್ಲಿ ಬಣ್ಣ ಕಿತ್ತು ತೇಪೆ ತೇಪೆ ಆಗಿತ್ತು. ಸಮ ಮಾಡೋಣ ಅಂತ ಸ್ಯಾಂಡ್‌ಪೇಪರ್ ತೆಗೆದುಕೊಂಡು ಎಡಗಡೆ ಉಜ್ಜಿದೆ. ಎರಡೇ ನಿಮಿಷ. ಧೂಳು ಊದಿ ನೋಡಿದರೆ ಮರದಲ್ಲಿ ಒತ್ತಿದ್ದ ಒಂದು ಸಣ್ಣ ಮುದ್ರೆ ಅರ್ಧ ಹೋಗಿತ್ತು! ಬೆರಳುಗುರಿನಷ್ಟು ಅಗಲದ ಗುರುತು, ಒಂದು ಅಂಚು ಮಾತ್ರ ಉಳಿದಿದೆ. ಅವತ್ತು ರಾತ್ರಿ ಊಟ ಸೇರಲಿಲ್ಲ. ಹಳೇ ಮರಕ್ಕೆ ಸ್ಯಾಂಡ್‌ಪೇಪರ್ ಮುಟ್ಟಿಸಲೇಬಾರದು. ಟರ್ಪೆಂಟೈನ್ ಥರದ ಮಿನರಲ್ ಸ್ಪಿರಿಟ್ಸ್ ಹಾಕಿದ ಬಟ್ಟೆ, ತಾಳ್ಮೆ, ಅಷ್ಟೇ ಸಾಕಿತ್ತು.

ಮರಕ್ಕೆ ಲೋಹ ಕೂರಿಸುವುದು ಅದಕ್ಕಿಂತ ನಾಜೂಕು. ಬೇರೆ ಬಂದೂಕಿನ ಸ್ಟಾಕ್ ಆದ್ದರಿಂದ ಎಲ್ಲೋ ಒಂದು ಕಡೆ ತಾಗುತ್ತಿತ್ತು. ಎಲ್ಲಿ ಅಂತ ಹೇಗೆ ಗೊತ್ತಾಗಬೇಕು? ಲೋಹಕ್ಕೆ ತೆಳ್ಳಗೆ ಕಪ್ಪು ಬಳಿದು, ಒಮ್ಮೆ ಕೂರಿಸಿ ತೆಗೆದರೆ ತಾಗಿದ ಜಾಗದಲ್ಲಿ ಮರದ ಮೇಲೆ ಕಪ್ಪು ಹತ್ತುತ್ತದೆ. ಅದಕ್ಕೆ ಬೇರೆ ಮಸಿ ಮಾರುತ್ತಾರೆ. ನನ್ನ ಹತ್ತಿರ ಇರಲಿಲ್ಲ. ಅತ್ತೆ ಮನೆಯಲ್ಲೇ ಹರಳೆಣ್ಣೆ ದೀಪದಲ್ಲಿ ಮಾಡಿ ಕಳಿಸಿದ ಕಾಡಿಗೆ ಇತ್ತು. ಅದೂ ಎಣ್ಣೆ ಮತ್ತು ಮಸಿಯೇ ಅಲ್ವಾ? ಚೆನ್ನಾಗಿಯೇ ಕೆಲಸ ಮಾಡಿತು. "ರೀ, ನನ್ನ ಕಾಡಿಗೆ ಡಬ್ಬಿ ಎಲ್ಲಿ?" ಅಂತ ಒಳಗಿಂದ ಕೂಗು ಬರುವವರೆಗೆ. ಹಿಂಬದಿಯ ಸ್ಕ್ರೂ ಹತ್ತಿರ ಒಂದು ಉಗುರಿನಷ್ಟು ಜಾಗದಲ್ಲಿ ಕಪ್ಪು ಹತ್ತಿತ್ತು. ಉಳಿಯಲ್ಲಿ ಹೆರೆದಿದ್ದು ಒಂದು ಪೇಪರ್ ದಪ್ಪ ಇದ್ದೀತು. ಲೋಹವನ್ನು ಅರದಲ್ಲಿ ಉಜ್ಜಲಿಲ್ಲ. ತಾಗಿದರೆ ಮರವೇ ಸೋಲಬೇಕು.

ಕೊಯ್ದ ಸ್ಟಾಕ್ ಬಿಸಾಡುವ ಮುಂಚೆ ಅದರ ಹಿಂಬದಿಯ ಕಬ್ಬಿಣದ ತಗಡು ಬಿಚ್ಚಿಕೊಂಡೆ. ಯಾಕೆಂದರೆ ಅದರ ಮೇಲೆ ಬಂದೂಕಿನ ನಂಬರ್ ಇದೆ. ಮೊಸಿನ್‌ನಲ್ಲಿ ಬ್ಯಾರೆಲ್, ಅದನ್ನು ಹಿಂದಿನಿಂದ ಮುಚ್ಚುವ ಬೋಲ್ಟ್, ಗುಂಡು ತುಂಬುವ ಮ್ಯಾಗಜಿನ್‌ನ ತಳದ ತಗಡು, ಈ ಹಿಂಬದಿ ತಗಡು, ಎಲ್ಲಕ್ಕೂ ಒಂದೇ ನಂಬರ್ ಇರಬೇಕು. ನನ್ನದರಲ್ಲಿ ನಾಲ್ಕೂ ಒಂದೇ. ಖುಷಿಯೋ ಖುಷಿ.

ಆ ಖುಷಿಯಲ್ಲೇ ಅದನ್ನು ಒಂದು ಬಂದೂಕು ಮೇಳಕ್ಕೆ ತೆಗೆದುಕೊಂಡು ಹೋದೆ. ಅಲ್ಲಿ ಎಪ್ಪತ್ತು ದಾಟಿದ ಒಬ್ಬ ಸಂಗ್ರಾಹಕರ ಮೇಜು ಇರುತ್ತದೆ. ಮಾತು ಕಡಿಮೆ. ಕನ್ನಡಕ ಹಣೆಗೇರಿಸಿ, ಬೋಲ್ಟ್ ಹೊರಗೆಳೆದು, ಬೆಳಕಿಗೆ ಹಿಡಿದರು. "ಇಲ್ಲಿ ನೋಡಿ" ಅಂದರು. ನಂಬರ್‌ನ ಪಕ್ಕದಲ್ಲೇ ಇನ್ನೊಂದು ನಂಬರ್, ಅದರ ಮೇಲೆ ಅಡ್ಡಗೆರೆ. ಇಷ್ಟು ದಿನ ಅದನ್ನು ಗೀರು ಅಂದುಕೊಂಡಿದ್ದೆ. ಆಮೇಲೆ ಬ್ಯಾರೆಲ್ ಬುಡದಲ್ಲಿ ಒಂದು ಪುಟ್ಟ ಚೌಕ ತೋರಿಸಿದರು. ಚೌಕದೊಳಗೆ ಮೂಲೆಯಿಂದ ಮೂಲೆಗೆ ಒಂದು ಓರೆ ಗೆರೆ. ಯುದ್ಧ ಮುಗಿದ ಮೇಲೆ ಸೋವಿಯತ್ ಶಸ್ತ್ರಾಗಾರಗಳು ಈ ಬಂದೂಕುಗಳನ್ನೆಲ್ಲ ವಾಪಸ್ ತರಿಸಿ, ಬಿಚ್ಚಿ, ಭಾಗಗಳನ್ನು ರಾಶಿ ಹಾಕಿ, ಸರಿಯಾಗಿ ಕೂರುವುದನ್ನು ಕೂರಿಸಿ, ಹಳೇ ನಂಬರ್ ಹೊಡೆದುಹಾಕಿ, ಹೊಸ ನಂಬರ್ ಒತ್ತಿ, ಮತ್ತೆ ಕಪ್ಪು ಬಣ್ಣ ಕೊಟ್ಟು, ಗ್ರೀಸ್ ಬಳಿದು, ಮುಂದಿನ ಯುದ್ಧಕ್ಕೆ ಅಂತ ಗೋದಾಮಿಗೆ ಹಾಕಿದವು. ಆ ಚೌಕ ಅದರ ಗುರುತು. ನನ್ನ "ಒಂದೇ ನಂಬರ್" ಅಂದರೆ ಒಬ್ಬ ಗುಮಾಸ್ತ ಕೂಡಿಸಿಟ್ಟ ಮದುವೆ.

ಅಷ್ಟಕ್ಕೆ ಬಿಡಲಿಲ್ಲ ಅವರು. ಸ್ಟಾಕ್‌ನಲ್ಲಿ ಹೆಗಲಪಟ್ಟಿ ತೂರಿಸುವ ಕಿಂಡಿಗೆ ಬೆರಳಿಟ್ಟರು. ಅದರ ಸುತ್ತ ಸಣ್ಣ ಸ್ಕ್ರೂಗಳಲ್ಲಿ ಕೂರಿಸಿದ ಲೋಹದ ತಗಡಿತ್ತು. "ಇದು ಯುದ್ಧಕ್ಕೆ ಮುಂಚಿನ ಕೆಲಸ. 1943ರಲ್ಲಿ ಇಷ್ಟು ಪುರುಸೊತ್ತು ಯಾರಿಗಿತ್ತು?"

ನನ್ನ ಮುಖ ಬಾಡಿದ್ದು ನೋಡಿ ನಕ್ಕರು. ಶಸ್ತ್ರಾಗಾರದವರು ಯಾವ ಮರ ಕೈಗೆ ಸಿಕ್ಕಿತೋ ಅದನ್ನೇ ಹಾಕುತ್ತಿದ್ದರು, ಹಳೇ ಸ್ಟಾಕ್‌ನಲ್ಲಿ ಹೊಸ ಬ್ಯಾರೆಲ್ ಬೇಕಾದಷ್ಟು ನೋಡಿದ್ದೇನೆ ಅಂದರು. "1943ಕ್ಕೆ ತಪ್ಪು. ಆಮೇಲಿನ ರಿಪೇರಿಗೆ ಸರಿ. ನಿಮಗೆ ಯಾವ ವರ್ಷ ಬೇಕು ಹೇಳಿ."

ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಯೋಚನೆ. 1943 ಬೇಕು ಅಂದರೆ ಚೌಕದ ಗುರುತು ಉಜ್ಜಬೇಕು, ಹೊಸ ಕಪ್ಪು ತೆಗೆಯಬೇಕು, ಅಡ್ಡಗೆರೆ ಇಲ್ಲದ ಬೋಲ್ಟ್ ಹುಡುಕಬೇಕು. ಅಂದರೆ ಸುಳ್ಳು ಹೇಳಬೇಕು. ಗರಗಸ ಹಿಡಿದವನಿಗೂ ನನಗೂ ಆಗ ಏನು ವ್ಯತ್ಯಾಸ? ಯುದ್ಧದ ನಂತರ ಗೋದಾಮಿನಿಂದ ಹೊರಬರುವಾಗ ಹೇಗಿತ್ತೋ ಹಾಗೆ ಮಾಡೋಣ ಅಂತ ತೀರ್ಮಾನಿಸಿದೆ. ಬ್ಯಾರೆಲ್ ಮೇಲೆ ಅಮೆರಿಕದ ಆಮದುದಾರರ ಗುರುತೂ ಇದೆ, ಕಾನೂನಿಗೆ ಬೇಕು ಅಂತ ಒತ್ತಿದ್ದು. ಚೆನ್ನಾಗಿ ಕಾಣಲ್ಲ. ಅದನ್ನೂ ಮುಟ್ಟಲಿಲ್ಲ.

ಇನ್ನು ಉಳಿದಿದ್ದು ಮರದ ಬಣ್ಣ. ಆ ಶಸ್ತ್ರಾಗಾರಗಳು ಮರಕ್ಕೆ ಹೊಡೆಯುತ್ತಿದ್ದುದು ಶೆಲ್ಲಾಕ್. ಕೆಂಪು-ಕಿತ್ತಳೆ ಬಣ್ಣ, ದಪ್ಪ ಪದರ, ಉಗುರು ತಾಗಿದರೆ ಚಕ್ಕೆ ಏಳುತ್ತೆ. ಶೆಲ್ಲಾಕ್ ಅಂದರೆ ನಮ್ಮ ಅರಗು. ಪಾಂಡವರನ್ನು ಸುಡಲು ಕಟ್ಟಿಸಿದರಲ್ಲ, ಅದೇ ಅರಗು. ಮುತ್ತುಗ, ಬೋರೆ, ಕುಸುಮ ಮರಗಳ ಮೇಲೆ ಕೂರುವ ಒಂದು ಪುಟ್ಟ ಹುಳು ಸುರಿಸುವ ಅಂಟು. ನಾನು ತರಿಸಿದ ಪೊಟ್ಟಣದ ಮೇಲೂ "ಭಾರತದಲ್ಲಿ ತಯಾರಾದದ್ದು" ಅಂತಿತ್ತು.

ನನ್ನ ಸೋದರಮಾವ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರು. ಬೇಸಿಗೆ ರಜೆಯಲ್ಲಿ ಅವರ ಲೇತ್ ಮುಂದೆ ಕೂತು ಬೆಳೆದವನು ನಾನು. ಹಾಲೆ ಮರ ತಿರುಗುತ್ತಿರುತ್ತೆ, ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಹತ್ತುತ್ತೆ, ಮೇಲೆ ತಾಳೆಗರಿ ಹಿಡಿದರೆ ಕನ್ನಡಿ. ಫೋನ್ ಮಾಡಿ ಕೇಳಿದೆ. "ಮಾವ, ಬಂದೂಕಿನ ಮರ ತಿರುಗಿಸೋಕಾಗಲ್ಲ, ಏನ್ ಮಾಡ್ಲಿ?" "ತಿರುಗದೇ ಇರೋದಕ್ಕೆ ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೇಲಿ ಹೊಡೀಬೇಕು ಕಣೋ. ಮಳೆ ದಿನ ಮಾತ್ರ ಮುಟ್ಟಬೇಡ."

ಒಂದು ಲೀಟರ್ ಆಲ್ಕೋಹಾಲಿಗೆ ಸುಮಾರು 240 ಗ್ರಾಂ ಅರಗಿನ ಚಕ್ಕೆ ಲೆಕ್ಕದಲ್ಲಿ ಒಂದು ಸಣ್ಣ ಬಾಟಲಿ ಕಲಸಿಟ್ಟೆ. ಮರುದಿನಕ್ಕೆ ಕರಗಿ, ಸೋಸಿದಾಗ ಜೋನಿಬೆಲ್ಲದ ಬಣ್ಣ. ಮಾವ ಹೇಳಿದ್ದನ್ನು ಮರೆತು ಆಗಸ್ಟ್‌ನ ಒಂದು ಜಡಿಮಳೆಯ ಭಾನುವಾರ ಗ್ಯಾರೇಜಿನಲ್ಲಿ ಮೊದಲ ಕೈ ಹೊಡೆದೆ. ಅರ್ಧ ಗಂಟೆಯಲ್ಲಿ ಮರದ ಮೇಲೆಲ್ಲ ಹಾಲು ಚೆಲ್ಲಿದ ಹಾಗೆ ಬಿಳಿ. ಗಾಳಿಯ ತೇವ ಒಳಗೆ ಸಿಕ್ಕಿಕೊಂಡರೆ ಹೀಗಾಗುತ್ತೆ. ಪುಣ್ಯಕ್ಕೆ ಅರಗು ಕ್ಷಮಿಸುವ ವಸ್ತು. ಒಣ ದಿನ ನೋಡಿ ಸ್ವಲ್ಪ ಆಲ್ಕೋಹಾಲ್ ಒರೆಸಿದರೆ ಕರಗಿ ಮತ್ತೆ ಕೂರುತ್ತೆ. ಹೊಸ ಪದರ ಹಳೇ ಪದರದೊಳಗೆ ಬೆರೆತೇಹೋಗುತ್ತೆ. ಸ್ಟಾಕ್ ಮೇಲೆ ಅಲ್ಲಲ್ಲಿ ಉಳಿದಿದ್ದ ರಷ್ಯನ್ ಅರಗನ್ನು ನಾನು ಕೀಳಲಿಲ್ಲ, ಅದರ ಜೊತೆಗೇ ಇದು ಸೇರಿಕೊಂಡಿತು. ಈಗ ಎಲ್ಲಿ ಅದು ಮುಗಿದು ಇದು ಶುರು ಅಂತ ನನಗೇ ಗೊತ್ತಾಗಲ್ಲ.

ಒಂಬತ್ತು ಕೈ ಹೊಡೆದೆ. ಫೋಟೋ ಕಳಿಸಿದರೆ ಮಾವ ಫುಲ್ ಖುಷಿ. ಮೇಳದ ಹಿರಿಯರು ಮಾತ್ರ ತಲೆ ಆಡಿಸಿದರು. ತುಂಬ ಚೆನ್ನಾಗಿದೆ, ಅದೇ ತಪ್ಪು ಅಂದರು. ಶಸ್ತ್ರಾಗಾರದವರು ದಿನಕ್ಕೆ ರಾಶಿ ರಾಶಿ ಬಳಿದವರು, ಸೋರಿದ ಹನಿ ಹಾಗೇ ಒಣಗಿರುತ್ತಿತ್ತು. ಹನಿ ಇಳಿಸೋಕೆ ನನ್ನ ಕೈ ಬರಲಿಲ್ಲ. ಚನ್ನಪಟ್ಟಣದ ರಕ್ತ.

ಗುಂಡು ಹಾರಿಸುವ ಮುಂಚೆ ಬಂದೂಕು ರಿಪೇರಿಯವರ ಹತ್ತಿರ ಕೊಟ್ಟು ಬೋಲ್ಟ್ ಮತ್ತು ಬ್ಯಾರೆಲ್ ನಡುವಿನ ಅಳತೆ ಪರೀಕ್ಷೆ ಮಾಡಿಸಿದೆ. ಅದನ್ನು ಮನೆಯಲ್ಲಿ ಅಂದಾಜು ಮಾಡುವ ಕೆಲಸ ಅಲ್ಲ. ಹಳೇ ಸೋವಿಯತ್ ಮದ್ದುಗುಂಡು ಹಾರಿಸಿದರೆ ನಳಿಗೆಯೊಳಗೆ ಉಪ್ಪಿನಂಶ ಉಳಿಯುತ್ತೆ, ಅವತ್ತೇ ಅದನ್ನು ನೀರಲ್ಲಿ ತೊಳೆಯದಿದ್ದರೆ ವಾರದಲ್ಲಿ ತುಕ್ಕು. ಬಯೋನೆಟ್ ಸಿಕ್ಕಿಸಿಯೇ ಗುರಿ ಹೊಂದಿಸಿದ ಬಂದೂಕು ಇದು, ತೆಗೆದು ಹೊಡೆದರೆ ಗುಂಡು ಪಕ್ಕಕ್ಕೆ ಹೋಗುತ್ತೆ. ಶೂಟಿಂಗ್ ರೇಂಜ್‌ನಲ್ಲಿ ಸಿಕ್ಕಿಸಿಕೊಂಡು ನಿಂತರೆ ಪಕ್ಕದ ಲೇನ್‌ನವರು ಎರಡು ಹೆಜ್ಜೆ ಸರಿಯುತ್ತಾರೆ.

ಹೆಗಲಪಟ್ಟಿ ಸಿಕ್ಕಿತು, ಕಿಂಡಿಗೆ ಕಟ್ಟುವ ನಾಯಿ ಕೊರಳಪಟ್ಟಿಯಂಥ ಎರಡು ಚರ್ಮದ ತುಂಡುಗಳೂ ಸಿಕ್ಕವು. ಚರ್ಮ ಒಣಗಿ ಹಪ್ಪಳ ಆಗಿದೆ, ಎಣ್ಣೆ ಕುಡಿಸುತ್ತಿದ್ದೇನೆ. ಉಳಿದಿರುವುದು ನಳಿಗೆ ಕೆಳಗಿನ ಕಡ್ಡಿ. ಮೂರು ತರಿಸಿದೆ. ಒಂದು ಗಿಡ್ಡ. ಒಂದರ ತುದಿಯ ಸ್ಕ್ರೂ ಮರೆ ಹಿಡಿಯಲ್ಲ. ಮೂರನೆಯದು ಸರಿಯಾಗಿ ಕೂರುತ್ತೆ, ಆದರೆ ಹೊಸದಾಗಿ ಮಾಡಿದ್ದು. ಸದ್ಯಕ್ಕೆ ಅದನ್ನೇ ಹಾಕಿದ್ದೇನೆ, ಮೇಳಕ್ಕೆ ಹೋಗುವಾಗ ಮಾತ್ರ ತೆಗೆದಿಡುತ್ತೇನೆ.