ಮಗುವಿಗೆ ಟಾಯ್ಲೆಟ್ ರೂಢಿ ಮಾಡಿಸಲು ಎಂಥ ಚಿತ್ರಪುಸ್ತಕ?

ಪುಸ್ತಕ ಕೈಗೆ ತಗೊಂಡ ಕೂಡಲೇ ನಾನು ನೋಡುವುದು ಅದರಲ್ಲಿರುವ ಕಕ್ಕಸು ನಮ್ಮ ಮನೆಯದರ ಹಾಗಿದೆಯಾ ಅಂತ. ಕಲಬುರಗಿಯ ನಮ್ಮ ಓಣಿಯಲ್ಲಿ ಜಾಸ್ತಿ ಮನೆಗಳಲ್ಲಿ ಕುಕ್ಕರಗಾಲಲ್ಲಿ ಕೂರುವ ಕಕ್ಕಸು, ಪಕ್ಕಕ್ಕೆ ಬಕೆಟ್, ಮಗ್. ಪುಸ್ತಕದಲ್ಲಿ ಕಮೋಡು, ಪೇಪರ್ ಸುರುಳಿ ಮಾತ್ರ ಇದ್ದರೆ ಮಗುವಿಗೆ ಅದು ಬೇರೆ ಯಾರದೋ ಮನೆ. ತೊಳೆಯುವುದು, ನೀರು ಹಾಕುವುದು, ಸೋಪು ಹಚ್ಚಿ ಕೈ ತೊಳೆಯುವುದು ಚಿತ್ರದಲ್ಲಿ ಇರಲೇಬೇಕು.

ಆಮೇಲೆ ಚಡ್ಡಿ ಒದ್ದೆಯಾಗುವ ಪುಟ ಹುಡುಕಿ. ನನ್ನ ಮೊಮ್ಮಗಳು ಆ ಪುಟ ಬಂದರೆ ಮೊದಲು ಒದ್ದೆ ಚಡ್ಡಿಯ ಮೇಲೆ ಬೆರಳಿಡುತ್ತಾಳೆ, ಆಮೇಲೆ ಚಿತ್ರದ ಅಮ್ಮನ ಮುಖದ ಮೇಲೆ. ಅಮ್ಮ ಸಿಟ್ಟಾಗಿದ್ದಾಳಾ ಅಂತ ಅವಳಿಗೆ ತಿಳಿಯಬೇಕು. ಅಮ್ಮ ಸುಮ್ನೆ ಚಡ್ಡಿ ಬದಲಿಸುತ್ತಿದ್ದರೆ ಆ ಪುಸ್ತಕ ಕೊಳ್ಳಿ. 'ಛೀ ಛೀ' ಅನ್ನುವ ಪುಸ್ತಕ ಅಂಗಡಿಯಲ್ಲೇ ಬಿಡಿ.

ದಪ್ಪ ರಟ್ಟಿನ ಹಾಳೆ ಒಳ್ಳೆಯದು, ಒರೆಸಬಹುದು. ಪುಟಕ್ಕೆ ಒಂದು ಸಾಲು ಸಾಕು. ಮನೆಮಾತು ಉರ್ದು, ಮರಾಠಿ, ತೆಲುಗು ಆಗಿದ್ದರೆ ಚಿತ್ರ ತೋರಿಸಿ ನಿಮ್ಮ ಮಾತಲ್ಲೇ ಹೇಳಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಅನ್ನುವ ವೆಬ್‌ಸೈಟ್‌ನಲ್ಲಿ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ. ಮಗುವಿಗೆ ಎಂಥ ಚಿತ್ರ ಹಿಡಿಸುತ್ತದೆ ಅಂತ ಅಲ್ಲಿ ಮೊದಲು ನೋಡಬಹುದು.

ಎರಡು ತಾಸು ಚಡ್ಡಿ ಒಣಗಿರುವುದು, ಉಚ್ಚೆ, ಕಕ್ಕ ಬಂದಾಗ ಸನ್ನೆ ಮಾಡುವುದು ಸಾಮಾನ್ಯವಾಗಿ 18 ತಿಂಗಳಿಂದ 3 ವರ್ಷದ ನಡುವೆ ಶುರುವಾಗುತ್ತದೆ. ಅದಕ್ಕೂ ಮೊದಲು ಪುಸ್ತಕ ಬರೀ ನೋಡಲಿಕ್ಕೆ ಇರಲಿ. ಕೂರಿಸಿದಾಗ 5 ನಿಮಿಷ ಓದಿ, ಏನೂ ಆಗದಿದ್ದರೆ ಎಬ್ಬಿಸಿ ಆಟಕ್ಕೆ ಬಿಡಿ.