ಹಾಲಿನ ಲೆಕ್ಕ ಬರೆಯುತ್ತಾ ವ್ಯೂ ಕಲಿಯಿರಿ

ವೆಬ್ ಪುಟ ಕಟ್ಟಲು ರಿಯಾಕ್ಟ್, ಆಂಗ್ಯುಲರ್, ಸ್ವೆಲ್ಟ್ ಎಂದು ಹತ್ತಾರು ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್‌ಗಳಿವೆ, ಅಂದರೆ ಪುಟ ಕಟ್ಟುವ ಸಿದ್ಧ ಚೌಕಟ್ಟುಗಳು. ಹೊಸಬರು ಯಾವುದು ಕಲಿಯಲಿ ಎಂದು ಕೇಳಿದರೆ ನಾನು ಹೇಳುವುದು ವ್ಯೂ. ಗೂಗಲ್‌ನಲ್ಲಿ ಆಂಗ್ಯುಲರ್ ಬಳಸಿದ್ದ ಇವಾನ್ ಯೂ 2014ರಲ್ಲಿ ಇದನ್ನು ಹೊರತಂದರು. ಶುರುಮಾಡಲು ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಒಂದು ಎಚ್‌ಟಿಎಂಎಲ್ ಫೈಲು, ಅದರಲ್ಲಿ ವ್ಯೂ ತರಿಸಿಕೊಳ್ಳುವ ಒಂದು ಸ್ಕ್ರಿಪ್ಟ್ ಟ್ಯಾಗ್ ಇದ್ದರೆ ಸಾಕು.

ಆದರೆ ಜಾವಾಸ್ಕ್ರಿಪ್ಟ್‌ನ ಅರೇ, ಆಬ್ಜೆಕ್ಟ್, ಫಂಕ್ಷನ್ ಮೊದಲೇ ಗೊತ್ತಿರಲಿ. ಅದಿಲ್ಲದೆ ಬಂದವರು ತಪ್ಪು ವ್ಯೂನದೋ ಜಾವಾಸ್ಕ್ರಿಪ್ಟ್‌ನದೋ ತಿಳಿಯದೆ ಒದ್ದಾಡುತ್ತಾರೆ.

ಈಗ ಕ್ಯಾಲೆಂಡರ್ ಮೇಲೆ ಗುರುತು ಹಾಕುವ ಹಾಲಿನ ಲೆಕ್ಕವನ್ನೇ ಪುಟವಾಗಿ ಮಾಡೋಣ. ದಿನದ ಹಾಲು ಕೂಡಿಡಲು ‘ರೆಫ್’ (ಒಳಗಿನದು ಬದಲಾದರೆ ವ್ಯೂಗೆ ತಿಳಿಯುವ ಡಬ್ಬಿ) ಒಳಗೆ ಒಂದು ಖಾಲಿ ಅರೇ ಇಡಿ. ತಾರೀಖು, ಲೀಟರು, ದರ ಬರೆಯುವ ಪೆಟ್ಟಿಗೆಗಳಿಗೆ ‘ವಿ-ಮಾಡೆಲ್’ ಹಾಕಿ, ಬರೆದದ್ದು ಸೀದಾ ಅವುಗಳ ರೆಫ್‌ಗೆ ಸೇರುತ್ತದೆ. ಲೀಟರಿನ ಪೆಟ್ಟಿಗೆಗೆ ‘.ನಂಬರ್’ ಕೂಡ ಸೇರಿಸಿ. ಇಲ್ಲದಿದ್ದರೆ ಬರೆದದ್ದು ಅಕ್ಷರವಾಗಿ ಉಳಿದು, 1ಕ್ಕೆ 2 ಕೂಡಿದರೆ 12 ಬರಬಹುದು. ಬಟನ್ ಒತ್ತಿದಾಗ ಅರೇಗೆ ಒಂದು ಸಾಲು ಸೇರಲಿ. ‘ವಿ-ಫಾರ್’ ಆ ಸಾಲುಗಳನ್ನೆಲ್ಲ ತೋರಿಸುತ್ತದೆ. ಪ್ರತಿ ಸಾಲಿಗೂ ಅದರದೇ ಒಂದು ‘ಕೀ’, ಅಂದರೆ ಗುರುತು, ಕೊಡಿ.

ಇನ್ನು ತಿಂಗಳ ಒಟ್ಟು ಹಣ. ಇಲ್ಲಿ ಸ್ವಲ್ಪ ನಿಧಾನಿಸಿ, ಫ್ರೇಮ್‌ವರ್ಕ್ ಯಾಕೆ ಬೇಕು ಎಂಬುದು ಅರ್ಥವಾಗುವುದೇ ಇಲ್ಲಿ. ಬರೀ ಜಾವಾಸ್ಕ್ರಿಪ್ಟ್‌ನಲ್ಲಾದರೆ ಸಾಲು ಸೇರಿಸಿದಾಗ, ಅಳಿಸಿದಾಗ, ದರ ಬದಲಿಸಿದಾಗ ಪುಟದಲ್ಲಿ ಮೊತ್ತವಿರುವ ಜಾಗ ಹುಡುಕಿ ನೀವೇ ತಿದ್ದಬೇಕು. ಒಂದು ಕಡೆ ಮರೆತರೂ ಲೆಕ್ಕ ತಪ್ಪುತ್ತದೆ. ವ್ಯೂನಲ್ಲಿ ಲೀಟರುಗಳನ್ನು ಕೂಡಿ ದರದಿಂದ ಗುಣಿಸು ಎಂದು ‘ಕಂಪ್ಯೂಟೆಡ್’ ಒಳಗೆ ಒಂದೇ ಸಲ ಬರೆಯುತ್ತೀರಿ. ಆಮೇಲೆ ಏನು ಬದಲಾದರೂ ಮೊತ್ತ ತಾನಾಗಿ ಬದಲಾಗುತ್ತದೆ. ದರದ ಪೆಟ್ಟಿಗೆಯಲ್ಲಿ ಸುಮ್ನೆ ಬೇರೆ ಬೇರೆ ಅಂಕಿ ಹಾಕಿ ನೋಡಿ. ಎಷ್ಟು ಚೆನ್ನಾಗಿದೆ ಅಲ್ವಾ!

ಹೊಸಬರು ಜಾಸ್ತಿ ಎಡವುವುದು ‘.ವ್ಯಾಲ್ಯೂ’ ವಿಷಯದಲ್ಲಿ. ಸ್ಕ್ರಿಪ್ಟ್‌ನಲ್ಲಿ ರೆಫ್ ಓದಲು, ಬದಲಿಸಲು ಅದು ಬೇಕು. ಟೆಂಪ್ಲೇಟ್‌ನಲ್ಲಿ, ಅಂದರೆ ಪುಟದ ಎಚ್‌ಟಿಎಂಎಲ್ ಭಾಗದಲ್ಲಿ, ಬೇಡ.

ಪುಟ ಮುಚ್ಚಿದರೂ ಲೆಕ್ಕ ಉಳಿಯಬೇಕೆಂದರೆ ಅರೇ ಬದಲಾಗುವುದನ್ನು ಕಾಯುವ ‘ವಾಚ್’ ಬಳಸಿ ಬ್ರೌಸರ್‌ನ ಲೋಕಲ್ ಸ್ಟೋರೇಜ್‌ಗೆ ಬರೆಸಿ. ‘ಡೀಪ್’ ಆಯ್ಕೆ ಕೊಡುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಅರೇ ಒಳಗೆ ಹೊಸ ಸಾಲು ಬಂದದ್ದು ‘ವಾಚ್’ಗೆ ತಿಳಿಯುವುದಿಲ್ಲ.

ಪಾಠ ಹುಡುಕುವಾಗ ಒಂದು ಎಚ್ಚರ. ವ್ಯೂ 2ಕ್ಕೆ ಬೆಂಬಲ 2023ರ ಡಿಸೆಂಬರ್ 31ಕ್ಕೇ ನಿಂತಿದೆ. ಕೋಡ್ ‘ನ್ಯೂ ವ್ಯೂ’ ಎಂದು ಶುರುವಾದರೆ ಅದು ಹಳೆಯದು, ಬಿಟ್ಟುಬಿಡಿ. ‘ಕ್ರಿಯೇಟ್‌ಆ್ಯಪ್’ ಎಂದಿದ್ದರೆ ವ್ಯೂ 3.

ಇಷ್ಟಾದ ಮೇಲೆ ನೋಡ್ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಇನ್‌ಸ್ಟಾಲ್ ಮಾಡಿ. ‘ಎನ್‌ಪಿಎಂ ಕ್ರಿಯೇಟ್ ವ್ಯೂ’ ಕಮಾಂಡ್‌ನಿಂದ ಹೊಸ ಪ್ರಾಜೆಕ್ಟ್ ತೆರೆದು ಇದೇ ಲೆಕ್ಕವನ್ನು ಮತ್ತೆ ಕಟ್ಟಿ. ಈ ಸಲ ಪ್ರತಿ ಸಾಲನ್ನೂ ಒಂದು ಕಾಂಪೊನೆಂಟ್, ಅಂದರೆ ಪುಟದ ಬೇರೆಯದೇ ಒಂದು ತುಂಡು, ಮಾಡಿ. ತಾರೀಖು, ಲೀಟರು ಅದಕ್ಕೆ ‘ಪ್ರಾಪ್ಸ್’ ಆಗಿ ಮೇಲಿನ ಕಾಂಪೊನೆಂಟ್‌ನಿಂದ ಬರಲಿ. ಅಳಿಸುವ ಬಟನ್ ಒತ್ತಿದಾಗ ಸಾಲು ತನ್ನನ್ನು ತಾನೇ ಅಳಿಸಿಕೊಳ್ಳಬಾರದು, ‘ಎಮಿಟ್’ ಮಾಡಿ, ಅಂದರೆ ಸುದ್ದಿ ಕಳಿಸಿ, ಮೇಲಿನ ಕಾಂಪೊನೆಂಟ್‌ಗೆ ಹೇಳಬೇಕು. ಅರೇ ಇರುವುದು ಅದರ ಹತ್ತಿರ.